ಪದಚರ್ಚೆ: ಜಾಲಿ ‘ಸಮೃದ್ಧ’ವಾಗಿದೆ ಎನ್ನಬಹುದೆ?

ಗೆಳೆಯರೆ,

ಹೊರಗಿನಿಂದ ತಂದ ಗಿಡಗಳು ನಮ್ಮ ಅಡವಿಯಲ್ಲಿ ಯಾಕಿಷ್ಟು ಹೆಚ್ಚಿದವು ಎಂದು ತಾಳಿಕೋಟಿ ಕಡೆಯ ರೈತರಿಗಾಗಿ ಸಣ್ಣ ಹೊತ್ತಿಗೆಯೊಂದನ್ನು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಪದಕ್ಕೆ ತಡವರಿಸಿದೆ. ‘ಡೋಣಿ ಹೊಳೆಯ ದಂಡೆಯಲ್ಲಿ ಬಳ್ಳಾರಿ ಜಾಲಿ ಸಮೃದ್ಧವಾಗಿದೆ’ ಎಂದು ಬರೆದು ಹೊಡೆದುಹಾಕಿದೆ. ಮಳೆ ಬೆಳೆ ಸಮೃದ್ಧವಾಗಬೇಕು, ಹೈನು ಸಮೃದ್ಧವಾಗಬೇಕು. ಎರೆಹೊಲ ನುಂಗಿದ ಮುಳ್ಳುಕಂಟಿಗೆ ಆ ಮಾತು ಒಗ್ಗದು. ‘ಬಾಹುಳ್ಯ’ ತಪ್ಪಲ್ಲ, ಆದರೆ ಓದುವವರ ಬಾಯಲ್ಲಿ ಅದಿಲ್ಲ. ನಮ್ಮಲ್ಲಿ ದಿನಬೆಳಗಾದರೆ ಆಡುವ ಮಾತು ‘ರಗಡ’, ಅಂದರೆ ಬೇಕಾದಷ್ಟು, ಬಹಳ. ಮರಾಠಿಯಲ್ಲೂ ‘ರಗ್ಗಡ’ ಇದೆ. ‘ಜಾಲಿ ರಗಡ ಆಗ್ಯಾವ’ ಎಂದರೆ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಅಚ್ಚಿನಲ್ಲಿ ಬಳಸಲು ಯಾರದಾದರೂ ಅಡ್ಡಿ ಇದೆಯೆ?

ಎರಡನೆಯ ತೊಡಕು ದೊಡ್ಡದು. ಪತ್ರಿಕೆಗಳು ಇದನ್ನು ‘ಆಕ್ರಮಣಕಾರಿ ಸಸ್ಯ’ ಎನ್ನುತ್ತವೆ. ಈ ಜಾಲಿ ದಂಡೆತ್ತಿ ಬಂದದ್ದಲ್ಲ. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳು ಬೀಜ ತರಿಸಿ ಕಡಪ ಸೀಮೆಯಲ್ಲಿ ಹಾಕಿಸಿದರು. ತೆಲುಗರು ಅದಕ್ಕೇ ‘ಸರ್ಕಾರ್ ತುಮ್ಮ’ ಎಂದರು, ಅಂದರೆ ಸರಕಾರಿ ಜಾಲಿ. ಮರಾಠಿಗರು ‘ವೇಡಿ ಬಾಭೂಳ’, ಹುಚ್ಚು ಜಾಲಿ ಎಂದರು. ತಂದವರು ಯಾರು ಎಂಬುದು ಒಂದು ಹೆಸರಲ್ಲಿದೆ, ಗಿಡದ ನಡತೆ ಇನ್ನೊಂದರಲ್ಲಿದೆ. ನಮ್ಮ ಹೆಸರು ಮಾತ್ರ ಪಾಪ, ಬಳ್ಳಾರಿಯ ತಲೆಗೆ ಕಟ್ಟಿತು.

ನಮ್ಮೂರ ಕುರಿಗಾಹಿ ಅಜ್ಜರೊಬ್ಬರನ್ನು ಕೇಳಿದೆ. ಕುರಿ ಕೂಡುವ ದಡ್ಡಿಯಲ್ಲಿ ಬಿದ್ದಿದ್ದ ಒಂದು ಒಣ ಹಿಕ್ಕಿಯನ್ನು ಹೆಬ್ಬೆರಳಿಂದ ಒಡೆದು ತೋರಿಸಿದರು. ಒಳಗೆ ಕಂದು ಬಣ್ಣದ ಬೀಜ, ಹಲ್ಲಿನ ಗುರುತೂ ಇಲ್ಲದೆ ನುಣ್ಣಗೆ ಕೂತಿತ್ತು. ‘ಕಾಯಿ ಸಿಹಿ ಇರ್ತಾವು, ಕುರಿ ತಿಂತಾವ. ಎಲಿ ಮುಟ್ಟೂದಿಲ್ಲ. ಹಿಕ್ಕಿ ಬಿದ್ದಲ್ಲೆ ಏಳ್ತೈತಿ. ಕಡದರ ಬುಡದಾಗ ಮತ್ತ ನಾಕು ಚಿಗೀತಾವ.’ ಸವಳು ನೆಲಕ್ಕೂ ಬರಗಾಲಕ್ಕೂ ಜಗ್ಗದ ಗಿಡ ಎಂಬುದೊಂದನ್ನು ಸೇರಿಸಿದರೆ ಕಾರಣಗಳೆಲ್ಲ ಬಂದುಹೋದವು. ನನಗೆ ಹಿಡಿಸಿದ್ದು ಅವರ ‘ಏಳ್ತೈತಿ’. ನೆಟ್ಟದ್ದು ಬೇರೆ, ಎದ್ದದ್ದು ಬೇರೆ.

ಈ ಭೇದ ಬೇಕೇ ಬೇಕು. ನೆಡುತೋಪುಗಳಲ್ಲಿ ನೀಲಗಿರಿಯೂ ರಗಡ ಇದೆ, ಆದರೆ ಅದು ನೆಟ್ಟು ರಗಡ ಆದದ್ದು. ಬೀಜ ತೀರ ಸಣ್ಣದು, ತಿಂದು ಒಯ್ಯುವ ಪ್ರಾಣಿಯಿಲ್ಲ. ಸಾಲು ದಾಟಿ ತಾನಾಗಿ ಏಳುವುದು ಅಪರೂಪ. ಇತ್ತ ಹುಣಸೆಯ ಮೂಲ ಆಫ್ರಿಕಾ. ಅದನ್ನು ‘ವಿದೇಶಿ ತಳಿ’ ಎಂದರೆ ನಮ್ಮ ಹಳ್ಳಿಯಲ್ಲಿ ಯಾರು ಒಪ್ಪುತ್ತಾರೆ? ಅಡವಿಯನ್ನು ಅದು ಆವರಿಸಿಕೊಂಡೂ ಇಲ್ಲ. ಹಾಗಾಗಿ ‘ವಿದೇಶಿ’ ಎಂಬುದು ಮೂಲವನ್ನಷ್ಟೇ ಹೇಳಲಿ, ನಡತೆಗೆ ಬೇರೆ ಪದ ಇರಲಿ.

ಸದ್ಯಕ್ಕೆ ‘ತಂದ ಗಿಡ’, ‘ನೆಲೆನಿಂತ ಗಿಡ’, ‘ಹಬ್ಬುಗಿಡ’ ಎಂದು ಮೂರು ಹಂತ ಮಾಡಿಕೊಂಡಿದ್ದೇನೆ. ನೀಲಗಿರಿ ಮೊದಲನೆಯದು, ಹುಣಸೆ ಎರಡನೆಯದು, ಜಾಲಿ ಮೂರನೆಯದು. ‘ಹಬ್ಬು’ ಎಂದರೆ ಬಳ್ಳಿಯ ನೆನಪಾಗುತ್ತದೆ ಎಂಬ ಅಳುಕಿದೆ. ಇನ್ನೊಂದು: ನಮಗೆ ಬೇವೂ ಗಿಡ, ಆಲವೂ ಗಿಡ. ಮೈಸೂರು ಕಡೆಯವರಿಗೆ ‘ಹಬ್ಬುಗಿಡ’ ಎಂದರೆ ಮೊಣಕಾಲೆತ್ತರದ್ದು ಅನ್ನಿಸುತ್ತದೆಯೆ? ‘ಹಬ್ಬುಮರ’ ನನ್ನ ಕಿವಿಗೆ ಕೂಡುತ್ತಿಲ್ಲ. ನಿಮ್ಮ ಊರಲ್ಲಿ ಏನನ್ನುತ್ತಾರೆ, ತಿಳಿಸಿ.