ಸಹಾಯ ಬೇಕು: ಯಾರ್ಡ್ ಗೇಟಲ್ಲಿ ತಡವಾದ್ರೆ ಡಿಟೆನ್ಷನ್ (ಕಂಟೇನರ್ ತಡವಾಗಿ ವಾಪಸ್ ಕೊಟ್ಟರೆ ಹಾಕೋ ದಂಡ) ಲಾರಿಯವರ ತಲೆಗಾ?

ನಮಸ್ಕಾರ. ನಂದು ದಾವಣಗೆರೆ, ಸ್ವಂತ ಟ್ರೇಲರ್ ಇದೆ. ಚೆನ್ನೈ ಬಂದರಿನಿಂದ 40 ಅಡಿ ಇಂಪೋರ್ಟ್ ಕಂಟೇನರ್ ತಂದು ಹರಿಹರದ ಪಾರ್ಟಿಗೆ ಕೊಟ್ಟೆವು. ಮಾಲು ಇಳಿದ ಮೇಲೆ ಖಾಲಿ ಕಂಟೇನರನ್ನು ಶಿಪ್ಪಿಂಗ್ ಲೈನ್ ಹೇಳಿದ ಯಾರ್ಡಿಗೆ ವಾಪಸ್ ಕೊಡಬೇಕು ಅಲ್ವಾ? ಫ್ರೀ ಟೈಮ್ (ದಂಡ ಇಲ್ಲದೆ ಕಂಟೇನರ್ ಇಟ್ಟುಕೊಳ್ಳೋಕೆ ಕೊಟ್ಟ ದಿನಗಳು) ಮುಗಿಯುವ ಮೊದಲೇ ಗಾಡಿ ಗೇಟ್ ಮುಂದೆ ಇತ್ತು. ಜಾಗ ಇಲ್ಲ ಅಂತ ಒಳಗೆ ಬಿಡಲಿಲ್ಲ. ಆಮೇಲೆ ಬೇರೆ ಯಾರ್ಡಿಗೆ ಕಳಿಸಿದರು, ಅಲ್ಲೂ ಉದ್ದ ಕ್ಯೂ. ನಮ್ಮ ಡ್ರೈವರ್‌ಗೆ ಸ್ನಾನಕ್ಕೂ ಜಾಗ ಇಲ್ಲ, ಗಾಡಿ ಬಿಟ್ಟು ಊಟಕ್ಕೆ ಹೋಗೋ ಹಾಗೂ ಇಲ್ಲ. ಪಾಪ, ತುಂಬಾ ಸೋತು ಹೋದ.

ಇಐಆರ್ ಚೀಟಿಯಲ್ಲಿ (ಕಂಟೇನರ್ ಒಪ್ಪಿಸಿದಾಗ ಯಾರ್ಡಲ್ಲಿ ಕೊಡೋ ರಸೀದಿ) ಗಾಡಿ ಒಳಗೆ ಹೋದ ದಿನಾಂಕ ಮಾತ್ರ ಇದೆ, ಗೇಟಿಗೆ ಬಂದಿದ್ದು ಎಲ್ಲೂ ಇಲ್ಲ. ಅದನ್ನೇ ಹಿಡಿದು ಲೈನ್‌ನವರು ಡಿಟೆನ್ಷನ್ ಹಾಕಿದ್ದಾರೆ. ಪಾರ್ಟಿ ಅದನ್ನು ನನ್ನ ಬಾಡಿಗೆಯಲ್ಲಿ ಮುರಿದುಕೊಂಡಿದ್ದಾರೆ, ಹಾಲ್ಟಿಂಗ್ (ಗಾಡಿ ಕಾದು ನಿಂತಿದ್ದಕ್ಕೆ ಕೊಡೋ ಹಣ) ಕೂಡ ಕೊಟ್ಟಿಲ್ಲ. ಇದು ಅನ್ಯಾಯ. ಕ್ಲಿಯರಿಂಗ್ ಏಜೆಂಟರನ್ನು (ಪಾರ್ಟಿ ಪರವಾಗಿ ಕಸ್ಟಮ್ಸ್ ಕೆಲಸ ನೋಡೋರು) ಕೇಳಿದರೆ ಪಾರ್ಟಿ ಹತ್ತಿರವೇ ಮಾತಾಡಿ ಅಂತಾರೆ.

ನನ್ನ ಹತ್ತಿರ ಗೇಟಿನ ಫೋಟೊ, ಜಿಪಿಎಸ್ ದಾಖಲೆ, ಫಾಸ್ಟ್ಯಾಗ್ ಮೆಸೇಜ್ ಇವೆ. ಇಷ್ಟು ತೋರಿಸಿ ಯಾರಾದರೂ ಡಿಟೆನ್ಷನ್ ಮನ್ನಾ ಮಾಡಿಸಿದ್ದೀರಾ? ಅರ್ಜಿಯನ್ನು ಪಾರ್ಟಿ ಕೊಡಬೇಕಾ, ನಾನೇ ಲೈನ್‌ಗೆ ಕೊಡಬಹುದಾ?