ಜೆಸ್ಚರ್ ಡ್ರಾಯಿಂಗ್: ‘ಭಂಗಿ’ ಸಾಲದು, ‘ಬೀಸು’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಹೊಸದಾಗಿ ಚಿತ್ರ ಕಲಿಯುವವರಿಗೆ ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ಜೆಸ್ಚರ್ ಡ್ರಾಯಿಂಗ್’ ಅನ್ನುವ ಮಾತು ಹೆಜ್ಜೆಗೊಮ್ಮೆ ಬರುತ್ತದೆ. ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೊತ್ತಿಲ್ಲದವರಿಗೆ ಮೊದಲು ಅದೇನು ಅಂತ ಹೇಳಿಬಿಡುತ್ತೇನೆ. ಎದುರಿಗೆ ಒಬ್ಬರು ನಿಂತಿರುತ್ತಾರೆ, ಇಲ್ಲವೇ ಕೂತಿರುತ್ತಾರೆ, ಬಗ್ಗಿರುತ್ತಾರೆ. ಅವರನ್ನು ನೋಡಿಕೊಂಡು 30 ಸೆಕೆಂಡಿನಲ್ಲಿ ಇಡೀ ಮೈ ಬರೆಯಬೇಕು. ಹೊತ್ತು ಮುಗಿದ ಕೂಡಲೇ ಅವರು ಇನ್ನೊಂದು ಥರ ನಿಲ್ಲುತ್ತಾರೆ, ನಾವು ಇನ್ನೊಂದು ಚಿತ್ರ ಶುರು ಮಾಡುತ್ತೇವೆ. ಇಂಥವು ಹತ್ತು ಹದಿನೈದು ಆದ ಮೇಲೆ 1 ನಿಮಿಷದವು, 2 ನಿಮಿಷದವು, ಕೊನೆಗೆ 5 ನಿಮಿಷದವು ಒಂದೆರಡು. ರಬ್ಬರ್ ಮುಟ್ಟುವ ಹಾಗಿಲ್ಲ. ಕಣ್ಣು, ಮೂಗು, ಬೆರಳು ಯಾವುದೂ ಬೇಕಿಲ್ಲ. ಮೈ ಯಾವ ಕಡೆ ವಾಲಿದೆ, ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಎಲ್ಲಿ ಬಾಗಿದೆ, ಇಷ್ಟು ಕಾಗದದ ಮೇಲೆ ಬಂದರೆ ಸಾಕು. ಹೊಸಬರು ತಲೆಯಿಂದ ಶುರು ಮಾಡಿ, ಹುಬ್ಬು ತಿದ್ದುವಷ್ಟರಲ್ಲಿ ಹೊತ್ತು ಮುಗಿಸಿಕೊಳ್ಳುತ್ತಾರೆ. ನಾನೂ ಅದೇ ಮಾಡಿದವನು.

ಮೊದಲ ಕರಡಿನಲ್ಲಿ ಜಾಸ್ತಿ ಯೋಚನೆ ಮಾಡದೆ ‘ಸನ್ನೆಚಿತ್ರ’ ಅಂತ ಬರೆದಿದ್ದೆ. ಜೆಸ್ಚರ್ ಅಂದರೆ ಮೊದಲು ಬಾಯಿಗೆ ಬರುವುದು ಅದೇ ಅಲ್ವಾ? ಕರಡು ಓದಿದ ಗೆಳತಿಯೊಬ್ಬರು ಅದರಂತೆ ಅಭ್ಯಾಸ ಮಾಡಿ ಹಾಳೆ ತಂದು ತೋರಿಸಿದರು. ಹಾಳೆ ತುಂಬ ಕೈಗಳು! ಒಂದು ಕೈ ‘ಬಾ’ ಅನ್ನುತ್ತಿತ್ತು, ಇನ್ನೊಂದು ‘ಹೋಗು’ ಅನ್ನುತ್ತಿತ್ತು, ಮೂಲೆಯಲ್ಲೊಂದು ತೋರುಬೆರಳು ಆಕಾಶ ತೋರಿಸುತ್ತಿತ್ತು. ಮೈ ಮಾತ್ರ ಎಲ್ಲೂ ಇಲ್ಲ. ತಪ್ಪು ಅವರದಲ್ಲ, ನಾನು ಹಾಕಿದ ಪದದ್ದು. ಕನ್ನಡದಲ್ಲಿ ಸನ್ನೆ ಅಂದರೆ ಕೈಸನ್ನೆ, ಕಣ್ಸನ್ನೆ. ಮಾತಿಲ್ಲದೆ ಇನ್ನೊಬ್ಬರಿಗೆ ಏನೋ ತಿಳಿಸುವುದು. ‘ಸಂಜ್ಞೆ’ಯ ತದ್ಭವ, ಆ ಗುರುತಿನ ಅರ್ಥವನ್ನು ಇನ್ನೂ ಬಿಟ್ಟಿಲ್ಲ. ಚಿತ್ರಕ್ಕೆ ನಿಂತವರು ಯಾರಿಗೂ ಏನೂ ತಿಳಿಸುತ್ತಿರುವುದಿಲ್ಲ. ಗೊರಕೆ ಹೊಡೆಯುತ್ತ ಮಲಗಿದವರನ್ನೂ ಹೀಗೇ ಬರೆಯಬಹುದು. (ಸುಮ್ನೆ ಒಂದು ಮಾತು: ಭಾರ ಎತ್ತುವ ಸನ್ನೆಗೋಲಿನಲ್ಲಿ ಇನ್ನೊಂದು ‘ಸನ್ನೆ’ ಇದೆಯಲ್ಲ, ಕೈಸನ್ನೆಗಿಂತ ಅದೇ ಈ ವಿಷಯಕ್ಕೆ ಹತ್ತಿರ.)

ಆಮೇಲೆ ಮೂಲ ಪದವನ್ನೇ ನೋಡಿದೆ. ಜೆಸ್ಚರ್‌ನ ಬೇರು ಲ್ಯಾಟಿನ್ನಿನ ‘ಗೆರೆರೆ’. ಹೊರು, ಒಯ್ಯು ಅಂತ ಅರ್ಥ. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಆ ಪದಕ್ಕೆ, ಒಬ್ಬರು ತಮ್ಮ ಮೈಯನ್ನು ಹೊತ್ತುಕೊಂಡು ನಡೆಯುವ, ನಿಲ್ಲುವ ರೀತಿ ಅನ್ನುವ ಅರ್ಥವೇ ಇತ್ತು. ಕೈ ಆಡಿಸುವ ಅರ್ಥ ಹಿಂದಿನಿಂದ ಬಂದದ್ದು. ಚಿತ್ರದವರು ಆ ಹಳೇ ಅರ್ಥವನ್ನು ಹಿಡಿದುಕೊಂಡಿದ್ದಾರೆ. ಈ ಅಭ್ಯಾಸಕ್ಕೆ ಪಾಠದ ರೂಪ ಕೊಟ್ಟವರಲ್ಲಿ ಮುಖ್ಯರು ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನಲ್ಲಿ ಕಲಿಸುತ್ತಿದ್ದ ಕಿಮನ್ ನಿಕೊಲೈಡಿಸ್. 1938ರಲ್ಲಿ ಅವರು ತೀರಿಕೊಂಡರು, 1941ರಲ್ಲಿ ಪಾಠಗಳು ಪುಸ್ತಕವಾಗಿ ಬಂದವು. ವಸ್ತು ಹೇಗೆ ಕಾಣುತ್ತದೆ ಅನ್ನುವುದನ್ನಲ್ಲ, ಅದು ಏನು ಮಾಡುತ್ತಿದೆ ಅನ್ನುವುದನ್ನು ಬರೆಯಿರಿ ಅನ್ನುವುದು ಅವರ ಪಾಠದ ತಿರುಳು. ಅಂಚನ್ನೇ ಹಿಡಿದು ಇರುವೆಯ ಹಾಗೆ ನಿಧಾನವಾಗಿ ಸಾಗುವ ಇನ್ನೊಂದು ಬಗೆಯನ್ನು ಅವರು ಬೇರೆಯೇ ಆಗಿ ಕಲಿಸುತ್ತಿದ್ದರು. ಅದಕ್ಕೆ ‘ಅಂಚುಗೆರೆ’ ಅಂತ ಹಾಕಿಕೊಂಡಿದ್ದೇನೆ, ಅದರಲ್ಲಿ ತಕರಾರಿಲ್ಲ.

ಈಗ ‘ಭಂಗಿ’. ನಿಮ್ಮಲ್ಲಿ ಹೆಚ್ಚಿನವರು ಇದನ್ನೇ ಹೇಳುತ್ತೀರಿ ಅಂತ ಗೊತ್ತು. ಪದ ಚೆನ್ನಾಗಿದೆ. ‘ಭಂಜ್’ ಧಾತುವಿನದು, ಮುರಿಯುವ, ಬಾಗುವ ಅರ್ಥ ಒಳಗೇ ಇದೆ. ಮೂರು ಕಡೆ ಬಾಗಿದರೆ ತ್ರಿಭಂಗಿ. ಆದರೆ ಇವತ್ತಿನ ಬಳಕೆಯಲ್ಲಿ ಭಂಗಿ ಅಂದರೆ ಕದಲದೆ ಹಿಡಿದು ನಿಲ್ಲುವುದು. ಯೋಗದ ಭಂಗಿ, ಫೋಟೋಗೆ ಕೊಡುವ ಭಂಗಿ. ಇಂಗ್ಲಿಷಿನಲ್ಲಿ ಅದು ಪೋಸ್. ನನ್ನ ಕೈಪಿಡಿಯಲ್ಲಿ ‘30 ಸೆಕೆಂಡಿನ ಭಂಗಿ’, ‘2 ನಿಮಿಷದ ಭಂಗಿ’ ಅಂತ ಪೋಸ್‌ಗೆ ಈ ಪದ ಆಗಲೇ ಖರ್ಚಾಗಿಹೋಗಿದೆ. ಜೆಸ್ಚರ್‌ಗೂ ಅದನ್ನೇ ಹಾಕಿದರೆ, ‘ಭಂಗಿಯನ್ನು ನಕಲು ಮಾಡಬೇಡಿ, ಭಂಗಿಯನ್ನು ಹಿಡಿಯಿರಿ’ ಅಂತ ಬರೆಯಬೇಕಾಗುತ್ತದೆ. ಓದಿದವರು ನಗುತ್ತಾರೆ.

ಎರಡೂ ಬೇರೆ ಅನ್ನುವುದಕ್ಕೆ ಶಿಲ್ಪಿ ರೋಡಿನ್ ಅವರ ಕೆಲಸ ಒಳ್ಳೆ ಸಾಕ್ಷಿ. ಅವರು ಮಾಡೆಲ್‌ಗಳನ್ನು ಒಂದೇ ಕಡೆ ನಿಲ್ಲಿಸದೆ ಸ್ಟುಡಿಯೊದಲ್ಲಿ ಇಷ್ಟ ಬಂದ ಹಾಗೆ ಓಡಾಡಲು ಬಿಡುತ್ತಿದ್ದರು. ಕಣ್ಣನ್ನು ಅವರ ಮೇಲೇ ಇಟ್ಟು, ಕಾಗದದ ಕಡೆ ನೋಡದೆ ಗೆರೆ ಎಳೆಯುತ್ತಿದ್ದರು. ಅಲ್ಲಿ ಭಂಗಿ ಅನ್ನುವುದೇ ಇಲ್ಲ. ಜೆಸ್ಚರ್ ಮಾತ್ರ ಧಾರಾಳವಾಗಿದೆ.

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಹಾವಭಾವ’ ಮುಖದ ಕಡೆಗೆ, ಮನಸ್ಸಿನ ಕಡೆಗೆ ಹೋಗುತ್ತದೆ. ‘ಮೈಮಾಟ’ ಕಿವಿಗೆ ಹಿತ, ಆದರೆ ಅದು ಆಕಾರ. ‘ಮೈಕಟ್ಟು’ ಎಲುಬು, ಸ್ನಾಯುಗಳ ಲೆಕ್ಕ. ‘ನಿಲುವು’ ಅಂದರೆ ಅಭಿಪ್ರಾಯ ಅಂದುಕೊಂಡುಬಿಡುತ್ತಾರೆ. ‘ಬಳುಕು’ ನನಗೆ ಇಷ್ಟ, ಆದರೆ ಮೂಟೆ ಹೊತ್ತ ಮುದುಕ ಬಳುಕುತ್ತಾನೆಯೇ? ‘ಆಶುಚಿತ್ರ’ ಒಳ್ಳೆ ಪದ, ಆಶುಕವಿತೆಯ ಜೊತೆಗೆ ಚೆನ್ನಾಗಿ ಕೂರುತ್ತದೆ. ಆದರೆ ಅದು ಸ್ಕೆಚ್ಚಿಗೇ ಹೆಚ್ಚು ಸಲ್ಲುತ್ತದೆ. ಸ್ಕೆಚ್ ಅನ್ನುವ ಪದವೂ ಇಟಾಲಿಯನ್ನಿನ ‘ಸ್ಕಿಟ್ಸೊ’ ಹಾದು ಹಿಂದೆ ಹೋದರೆ, ಮುಂಚೆ ಸಿದ್ಧತೆ ಇಲ್ಲದೆ ಆಗಿಂದಾಗ ಮಾಡಿದ್ದು ಅನ್ನುವ ಗ್ರೀಕ್ ಪದಕ್ಕೆ ಮುಟ್ಟುತ್ತದೆ. ಮರವನ್ನೋ ಕುರ್ಚಿಯನ್ನೋ ಬೇಗ ಬರೆದರೂ ಆಶುಚಿತ್ರವೇ. ಅದರಲ್ಲಿ ಬೇಗ ಅನ್ನುವುದಿದೆ, ಮೈ ಇಲ್ಲ.

ಹೋದ ವಾರ ಬರೆಯುತ್ತಿರುವಾಗಲೇ ಒಂದು ಪದ ಹೊಳೆಯಿತು. ಎದುರಿಗಿದ್ದವರು ಎಡಗೈಯನ್ನು ಸೊಂಟದ ಮೇಲಿಟ್ಟು, ಭಾರವನ್ನೆಲ್ಲ ಬಲಗಾಲಿಗೆ ಬಿಟ್ಟು ನಿಂತಿದ್ದರು. ಹೀಗೆ ನಿಂತಾಗ ಬಲಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಕೊರಳ ಕುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಹೆಚ್ಚುಕಡಿಮೆ ಬಲಪಾದದ ಹತ್ತಿರವೇ ಬರುತ್ತದೆ. ನಾನು ಇದ್ದಿಲ ಕಡ್ಡಿಯನ್ನು ಅಡ್ಡ ಹಿಡಿದು ಒಂದೇ ಗೆರೆ ಎಳೆದೆ. ತಲೆಯಿಂದ ಹೊರಟು, ಎದೆಯಲ್ಲಿ ಒಂದು ಕಡೆ ಬಾಗಿ, ಸೊಂಟದಲ್ಲಿ ಇನ್ನೊಂದು ಕಡೆ ಹೊರಳಿ, ಬಲ ಹಿಮ್ಮಡಿಗೆ ಬಂದು ನಿಂತಿತು. ಮಣಿಕಟ್ಟು ಅಲ್ಲಾಡಲಿಲ್ಲ, ತೋಳು ಭುಜದಿಂದಲೇ ಬೀಸಿತು.

ಬೀಸಿತು! ಹೌದು, ‘ಬೀಸು’.

ಚಾಟಿ ಬೀಸು, ಬಲೆ ಬೀಸು, ಕೈ ಬೀಸಿಕೊಂಡು ನಡೆ, ಬೀಸುಗಾಲು ಹಾಕು. ಇವೆಲ್ಲದರಲ್ಲೂ ಒಂದು ತುದಿ ಎಲ್ಲೋ ಊರಿರುತ್ತದೆ, ಇನ್ನೊಂದು ಕಡೆ ಸೆಳೆತ ಹರಿಯುತ್ತದೆ. ಬಲೆ ಬೀಸುವವರ ಪಾದ ನೆಲಕ್ಕೆ ಊರಿರುತ್ತದೆ, ಅಲ್ಲಿಂದ ಮೇಲೆ ಇಡೀ ಮೈ ತಿರುಗುತ್ತದೆ. ನನಗೆ ಹಿಡಿಸಿದ್ದು ಇದು: ಪದ ಎರಡೂ ಕಡೆ ಕೆಲಸ ಮಾಡುತ್ತದೆ. ಎದುರಿಗಿರುವ ಮೈಗೂ ಬೀಸು ಇದೆ, ಬರೆಯುವ ತೋಳಿಗೂ ಬೀಸು ಇದೆ. ‘ಒಂದೇ ಬೀಸಿಗೆ’ ಅನ್ನುವ ಮಾತಂತೂ ಆಗಲೇ ಇದೆ, ಬೇಗ ಅನ್ನುವ ಅರ್ಥವನ್ನು ಅದೇ ತಂದುಕೊಡುತ್ತದೆ. ಹಾಗಾಗಿ ಜೆಸ್ಚರ್‌ಗೆ ‘ಮೈಬೀಸು’, ಜೆಸ್ಚರ್ ಡ್ರಾಯಿಂಗ್‌ಗೆ ‘ಬೀಸುಚಿತ್ರ’, ಮೊದಲು ಎಳೆಯುವ ಆ ಉದ್ದ ಗೆರೆಗೆ ‘ಬೀಸುಗೆರೆ’ ಅಂತ ಇಟ್ಟು ನೋಡಿದೆ. ಭಾರ ಹೊತ್ತ ಕಾಲಿಗೆ ‘ಊರುಗಾಲು’, ಸಡಿಲ ಬಿಟ್ಟಿದ್ದಕ್ಕೆ ‘ಬಿಡುಗಾಲು’. ಊರುಗೋಲು ಇರುವಾಗ ಊರುಗಾಲು ಯಾರಿಗೂ ತೊಡಕಾಗಲಾರದು.

ನನಗೇ ಇರುವ ಅನುಮಾನಗಳನ್ನೂ ಹೇಳುತ್ತೇನೆ. ಬೀಸು ಅಂದ ಕೂಡಲೇ ಕೆಲವರಿಗೆ ಗಾಳಿ, ಕೆಲವರಿಗೆ ಬೀಸುವ ಕಲ್ಲು ನೆನಪಾಗುತ್ತದೆ. ಅದು ದೊಡ್ಡ ತೊಂದರೆ ಅಲ್ಲ, ಸಂದರ್ಭ ನೋಡಿಕೊಳ್ಳುತ್ತದೆ. ದೊಡ್ಡದು ಇನ್ನೊಂದಿದೆ. ಮೊಣಕಾಲಿಗೆ ಗಲ್ಲ ಆನಿಸಿ ಮುದುಡಿ ಕೂತವರಲ್ಲಿ ಬೀಸು ಎಲ್ಲಿದೆ? ಬೆನ್ನಿನ ಬಾಗಿನಲ್ಲಿದೆ ಅಂತ ನಾನು ವಾದಿಸಬಲ್ಲೆ, ಆದರೆ ಹೊಸದಾಗಿ ಓದುವವರಿಗೆ ಅದು ಕಾಣುತ್ತದೆಯೋ ಇಲ್ಲವೋ. ಅಂಥ ಕಡೆ ‘ಸೆಳೆತ’ ಅಂದುಬಿಡೋಣವೇ ಅಂತಲೂ ಯೋಚಿಸಿದೆ. ಒಂದೇ ವಿಷಯಕ್ಕೆ ಎರಡು ಪದ ಹಾಕಿದರೆ ಕಲಿಯುವವರು ಅವು ಎರಡು ಬೇರೆ ಸಂಗತಿ ಅಂದುಕೊಳ್ಳುತ್ತಾರೆ, ಅದೇ ಭಯ.

ಕ್ರಿಯಾಪದದ್ದೂ ಒಂದು ಸಣ್ಣ ಕೊಕ್ಕೆ ಇದೆ. ‘ಚಿತ್ರ ಬಿಡಿಸಿ’ ಅಂದರೆ ನನ್ನ ಕಿವಿಗೆ ಸಿಕ್ಕು ಬಿಡಿಸಿದ ಹಾಗೆ ನಿಧಾನ ಕೇಳುತ್ತದೆ. ‘ಗೀಚಿ’ ಅಂದರೆ ಬೈದ ಹಾಗಿರುತ್ತದೆ, ಆದರೆ ಹೊಸಬರ ಕೈ ಸಡಿಲವಾಗುವುದು ಆ ಪದಕ್ಕೇ. ಸದ್ಯಕ್ಕೆ ‘ಗೀಚಿ’ ಅಂತಲೇ ಉಳಿಸಿಕೊಂಡಿದ್ದೇನೆ.

ಕೈಪಿಡಿಯ ಮೊದಲ ಪುಟದ ಸಾಲು ಈಗ ಹೀಗಿದೆ: ‘ಭಂಗಿ ಹೇಗಿದ್ದರೂ ಇರಲಿ, ಮೊದಲು ಮೈಬೀಸು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ, ಅದನ್ನು ಒಂದೇ ಗೆರೆಯಲ್ಲಿ ಗೀಚಿ.’ ಈ ಸಾಲನ್ನು ಒಮ್ಮೆ ಜೋರಾಗಿ ಓದಿ ನೋಡುತ್ತೀರಾ? ‘ಮೈಬೀಸು’ ಹತ್ತಿರ ನಿಮ್ಮ ನಾಲಿಗೆ ತಡವರಿಸಿದರೆ ತಿಳಿಸಿ. ಹಾಗೆಯೇ, ಒಬ್ಬರು ನಿಂತಿರುವ ವರಸೆಯನ್ನು ದೂರದಿಂದ ನೋಡಿಯೇ ಇಂಥವರು ಅಂತ ಗುರುತು ಹಿಡಿಯುತ್ತೇವಲ್ಲ, ಆ ವರಸೆಗೆ ನಿಮ್ಮ ಮನೆಮಾತಿನಲ್ಲಿ ಬೇರೆ ಪದ ಇದೆಯೇ?