ಅಪ್‌ಡೇಟ್: ತೋಟದ ಜೀಪಿಗೆ ಡೀಸೆಲ್ ಎಂಜಿನ್ ಕೂತಿತು

ಹಳೇ ಪೆಟ್ರೋಲ್ ಜೀಪಿಗೆ ಮಹೀಂದ್ರಾದ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಹಾಕಿಸಲಾ, ಫ್ರೆಂಚ್ ಕಂಪನಿ ಪ್ಯೂಜೋದ ಡೀಸೆಲ್ ಎಂಜಿನ್ ಹಾಕಿಸಲಾ ಅಂತ ಹಿಂದೆ ಕೇಳಿದ್ದೆನಲ್ಲ, ಕೊನೆಗೆ ಮಹೀಂದ್ರಾ ಎಂಎಂ 540 ಜೀಪಿನಲ್ಲಿ ಬರುತ್ತಿದ್ದ 2112 ಸಿಸಿ ಪ್ಯೂಜೋನೇ ಹಾಕಿಸಿದೆ. ಡಿಐ ನಡುಕ ನನಗೆ ಆಗಲ್ಲ.

ಮೌಂಟ್, ರೇಡಿಯೇಟರ್ ಎಲ್ಲ ಸಲೀಸಾಗಿ ಆಯಿತು. ತಲೆ ತಿಂದಿದ್ದು ಒಂದೇ ಒಂದು ಪೈಪು. ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ನಲ್ಲಿ ಮಿಕ್ಕ ಡೀಸೆಲ್ ವಾಪಸ್ ಟ್ಯಾಂಕಿಗೆ ಹೋಗಬೇಕು ಅಲ್ವಾ, ಪೆಟ್ರೋಲ್ ಟ್ಯಾಂಕಿನಲ್ಲಿ ಅದಕ್ಕೆ ತೂತೇ ಇರಲಿಲ್ಲ! ಮೆಕ್ಯಾನಿಕ್ ಟ್ಯಾಂಕ್ ಇಳಿಸಿ, ಚೆನ್ನಾಗಿ ತೊಳೆದು, ಕತ್ತಿನವರೆಗೂ ನೀರು ತುಂಬಿಸಿಟ್ಟುಕೊಂಡೇ ಬೆಸುಗೆ ಹಾಕಿದರು. ಪೆಟ್ರೋಲ್ ಹಬೆ ಉಳಿದಿದ್ದರೆ ಸಿಡಿಯುತ್ತೆ, ಸುಮ್ನೆ ಅಲ್ಲ.

ಎಂಜಿನ್ ಭಾರಕ್ಕೆ ಮೂತಿ ತಗ್ಗಿದೆ, ಮುಂದಿನ ಪಟ್ಟಾ ಸ್ಪ್ರಿಂಗಿಗೆ ಇನ್ನೊಂದು ಎಲೆ (ಉಕ್ಕಿನ ಪಟ್ಟಿ) ಸೇರಿಸಬೇಕು. ಚಳಿಯಲ್ಲಿ ಹೀಟರ್ ಪ್ಲಗ್ ಕಾಯಿಸದೆ ಸ್ಟಾರ್ಟ್ ಆಗಲ್ಲ. ಆರ್‌ಟಿಒ ಅನುಮತಿ ಮೊದಲೇ ತಗೊಂಡಿದ್ದೆ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರಿಸುವುದೊಂದು ಬಾಕಿ.